ಕೆನಡಾಕ್ಕೆ ನಿರಾಶ್ರಿತ ಕುಟುಂಬವೊಂದನ್ನು ಕರೆಸಿಕೊಳ್ಳೋದು ಹೇಗೆ?

ಟೊರಾಂಟೊ ಪಕ್ಕದ ಮಿಸಿಸಾಗಾದ ನಮ್ಮ ಕನ್ನಡದವರು ಯಾರಾದರೂ ಕೇಳಿದರೆ ನಾನು ಮೊದಲು ಹೇಳೋದು ಇದು: ಅರ್ಜಿ ತಗೊಳ್ತಿದ್ದಾರಾ ನೋಡಿ. ಐದು ಜನ ಸೇರಿ ನೇರವಾಗಿ ಹಾಕೋ 'ಐವರ ಗುಂಪಿನ' ಹೊಸ ಅರ್ಜಿಗಳನ್ನು ಸರ್ಕಾರ 2024ರ ನವೆಂಬರ್ 29ರಿಂದ ತಡೆಹಿಡಿಯಿತು. ಆ ಬಾಗಿಲು ಮುಚ್ಚಿದ್ದರೆ, ಸರ್ಕಾರದ ಜೊತೆ ಪ್ರಾಯೋಜಕತ್ವದ (ಅಂದರೆ ನಿರಾಶ್ರಿತರನ್ನ ಕರೆಸಿ ನೋಡಿಕೊಳ್ಳೋ) ಒಪ್ಪಂದ ಇರೋ ಸಂಸ್ಥೆಯೊಂದರ ಜೊತೆ ಸೇರಿಕೊಳ್ಳಿ. ಬಹಳಷ್ಟು ಚರ್ಚುಗಳಿಗೆ ಸೇರಿದವು. ಸಂಕೋಚ ಬೇಡ, ನಮ್ಮನ್ನ ಯಾರೂ ಧರ್ಮ ಯಾವುದು ಅಂತ ಕೇಳಲಿಲ್ಲ.

ಬಂದ ಕುಟುಂಬವನ್ನ ನೋಡಿಕೊಳ್ಳೋ ಹೊಣೆ ಸಾಮಾನ್ಯವಾಗಿ 12 ತಿಂಗಳು. ಬಾಡಿಗೆ, ದಿನಸಿ, ಬಟ್ಟೆ, ಓಡಾಟ ಎಲ್ಲ ಸೇರಿ. ದುಡ್ಡು ಮೊದಲೇ ಕೈಗೆ ಬರಲಿ, "ಆಮೇಲೆ ಕೊಡ್ತೀನಿ" ಅನ್ನೋರನ್ನ ಲೆಕ್ಕಕ್ಕೆ ಹಿಡೀಬೇಡಿ. ಬಂದವರಿಂದ ಇದನ್ನ ವಾಪಸ್ ಕೇಳೋ ಹಾಗಿಲ್ಲ. ವಿಮಾನದ ಖರ್ಚಿಗೆ ಸರ್ಕಾರ ಕೊಡೋ ಬಡ್ಡಿಯಿಲ್ಲದ ಸಾಲ ಬೇರೆ, ಅದನ್ನ ಅವರೇ ತೀರಿಸ್ತಾರೆ. ಮುಂಚೆಯೇ ಬಿಡಿಸಿ ಹೇಳಿ.

ಬಂದ ವಾರ ಓಡಾಟವೇ ಓಡಾಟ: ಸಿನ್ ನಂಬರ್ (ಕೆಲಸಕ್ಕೆ, ಸರ್ಕಾರಿ ಸೌಲಭ್ಯಕ್ಕೆ ಬೇಕಾದ ಗುರುತಿನ ಸಂಖ್ಯೆ), ಓಹಿಪ್ ಕಾರ್ಡು (ಒಂಟಾರಿಯೊ ಪ್ರಾಂತ್ಯದ ಆರೋಗ್ಯ ವಿಮೆ), ಮಕ್ಕಳ ಭತ್ಯೆ, ಶಾಲೆ, ಬ್ಯಾಂಕು. ಬ್ಯಾಂಕ್ ಕಾರ್ಡು ಅವರ ಕೈಯಲ್ಲೇ ಇರಲಿ, ರಸೀದಿ ತೋರಿಸಿ ಅನ್ನಬೇಡಿ. ಅಡುಗೆಮನೆ ತುಂಬಿಸೋ ಉತ್ಸಾಹ ನಮ್ಮವರಿಗೆ ಜಾಸ್ತಿ. ಸಾರಿನಪುಡಿ ಡಬ್ಬ ಕೊಡಿ ಬೇಕಾದರೆ, ಆದರೆ ಮೊದಲ ದಿನಸಿಗೆ ಮನೆಯಾಕೆಯನ್ನೇ ಕರ್ಕೊಂಡು ಹೋಗಿ. ನಾವು ಕರೆಸಿದ ಎರಿಟ್ರಿಯಾದ ತಾಯಿ ಮೊದಲು ಕೇಳಿದ್ದು ಟೆಫ್ ಅನ್ನೋ ಧಾನ್ಯದ ಹಿಟ್ಟು, ಬೆರ್ಬೆರೆ ಖಾರದಪುಡಿ ಎಲ್ಲಿ ಸಿಗುತ್ತೆ ಅಂತ.

ಡಾಕ್ಟರ ಹತ್ತಿರ ಹೋಗುವಾಗ ಅವರ ಭಾಷೆ ಟಿಗ್ರಿನ್ಯಾ ಬಲ್ಲ ದುಭಾಷಿಯನ್ನ ಗೊತ್ತುಮಾಡಿ. ಹತ್ತು ವರ್ಷದ ಮಗನ ಕೈಲಿ ಅಮ್ಮನ ಕಾಯಿಲೆ ಹೇಳಿಸಬೇಡಿ.