ಮಲೆನಾಡಿನಿಂದ ಸೀರಿಯಲ್‌ಗೆ ಹೊರಡುವ ಮುಂಚೆ

"ಅಕ್ಕ, ಸೀರಿಯಲ್‌ನಲ್ಲಿ ಪಾತ್ರ ಮಾಡಬೇಕು, ಬೆಂಗಳೂರಿಗೆ ಯಾವಾಗ ಬರಲಿ?" ಸಾಗರದ ಕಡೆಯ ಹುಡುಗ ಹುಡುಗಿಯರು ನನ್ನನ್ನು ಕೇಳುವುದು ಇದನ್ನೇ. ಈಗಲೇ ಬರಬೇಡಿ ಅನ್ನುತ್ತೇನೆ. ಸೀರಿಯಲ್ ಸೆಟ್ಟಿನಲ್ಲಿ ಕಲಿಸುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಎಷ್ಟೋ ದಿನ ಸೀನ್ ಪೇಪರ್ ಕೈಗೆ ಬರುವುದೇ ಮೇಕಪ್ ಮಾಡಿಕೊಳ್ಳುವಾಗ. ಕಲಿತು ಬಂದವರಷ್ಟೇ ಅಲ್ಲಿ ಉಳಿಯುತ್ತಾರೆ.

ಕಲಿಯಲು ದೂರ ಹೋಗಬೇಕಿಲ್ಲ. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ನೀನಾಸಮ್ ಇದೆ. 1949ರಲ್ಲಿ ಊರಿನವರು ಕಟ್ಟಿದ ನಾಟಕದ ಸಂಸ್ಥೆ ಅದು. 1980ರಿಂದ ಅಲ್ಲಿ ರಂಗಶಿಕ್ಷಣ ಕೇಂದ್ರ ನಡೆಯುತ್ತಿದೆ. ಒಂದು ವರ್ಷದ ಕೋರ್ಸು, ಅಲ್ಲೇ ಇದ್ದು ಕಲಿಯಬೇಕು. ಅಚ್ಯುತ್ ಕುಮಾರ್ ಅಲ್ಲಿ ಕಲಿತವರೇ. ಆಮೇಲೆ ಊರೂರು ಸುತ್ತಿ ನಾಟಕ ಆಡುವ ನೀನಾಸಮ್ ತಂಡ ತಿರುಗಾಟಕ್ಕೆ ಸೇರಲು ಅವಕಾಶ ಸಿಕ್ಕರೆ ಬಿಡಬೇಡಿ. ಇವತ್ತು ಒಂದೂರು, ನಾಳೆ ಇನ್ನೊಂದೂರು, ನಾಟಕ ಮಾತ್ರ ಅದೇ. ಹೇಳಿದ ಮಾತನ್ನೇ ಹೊಸದಾಗಿ ಹೇಳುವ ಅಭ್ಯಾಸ ಅಲ್ಲಿ ಆಗುತ್ತದೆ. ಕ್ಯಾಮೆರಾ ಮುಂದೆ ಬೇಕಾದದ್ದೂ ಅದೇ ಅಲ್ವಾ? ಒಂದೇ ಅಳುವನ್ನು ದೂರದಿಂದ ತೆಗೆಯುವ ವೈಡ್ ಶಾಟ್‌ನಲ್ಲಿ ಒಮ್ಮೆ, ಕ್ಲೋಸಪ್‌ನಲ್ಲಿ ಇನ್ನೊಮ್ಮೆ ಅಳಬೇಕು. ವರ್ಷಪೂರ್ತಿ ಮನೆ ಬಿಡಲು ಆಗದವರು ಶಿವಮೊಗ್ಗದ ಹವ್ಯಾಸಿ ತಂಡಗಳನ್ನು ಸೇರಿ. ಮೊದಲು ಪರದೆ ಎಳೆಯುವ ಕೆಲಸ ಕೊಟ್ಟರೂ ಮಾಡಿ.

ಇನ್ನು ಮನೆಯಲ್ಲೇ ಮಾಡುವ ಅಭ್ಯಾಸ. ಮೊಬೈಲನ್ನು ಮುಖದ ಎತ್ತರಕ್ಕೆ ನಿಲ್ಲಿಸಿ, ಅಮ್ಮನ ಹತ್ತಿರ ಮಾತಾಡುವಷ್ಟೇ ದನಿಯಲ್ಲಿ ಮಾತಾಡಿ. ನಾಟಕ, ಯಕ್ಷಗಾನ ಮಾಡಿದವರ ಹುಬ್ಬು ಜಾಸ್ತಿ ಕುಣಿಯುತ್ತದೆ, ಅದನ್ನು ನೋಡಿ ನೋಡಿ ಇಳಿಸಿಕೊಳ್ಳಿ. ಪ್ರಾಂಪ್ಟಿಂಗ್ ಅಭ್ಯಾಸವನ್ನಂತೂ ತಪ್ಪಿಸಬೇಡಿ. ಸೆಟ್ಟಿನಲ್ಲಿ ಅಸಿಸ್ಟೆಂಟ್ ಒಬ್ಬರು ಕ್ಯಾಮೆರಾ ಪಕ್ಕ ನಿಂತು ಡೈಲಾಗ್ ಓದುತ್ತಾ ಹೋಗುತ್ತಾರೆ. ಕಿವಿ ಅಲ್ಲಿರಬೇಕು, ಕಣ್ಣು ಎದುರಿನ ಪಾತ್ರದ ಮೇಲಿರಬೇಕು. ತಂಗಿಯನ್ನೋ ಗೆಳೆಯನನ್ನೋ ಪಕ್ಕಕ್ಕೆ ನಿಲ್ಲಿಸಿ ಓದಿಸಿ. ಓದಿದ್ದು ಕೇಳಿಸಿಕೊಂಡು ಹೇಳುತ್ತಿದ್ದೀರಿ ಅಂತ ನೋಡುವವರಿಗೆ ಗೊತ್ತಾಗಬಾರದು. ಯಾವ ಮಾತಿಗೆ ಯಾವ ಕೈಯಲ್ಲಿ ಲೋಟ ಇತ್ತು ಅನ್ನುವುದೂ ನೆನಪಿರಬೇಕು. ಇಲ್ಲದಿದ್ದರೆ ಕಂಟಿನ್ಯುಟಿ, ಅಂದರೆ ಒಂದು ಶಾಟಿಗೂ ಮುಂದಿನದಕ್ಕೂ ಇರಬೇಕಾದ ಹೊಂದಿಕೆ, ಹೋಯಿತು, ಶಾಟ್ ಮತ್ತೆ ತೆಗೆಯಬೇಕು.

ಆಡಿಷನ್ ವಿಡಿಯೊಗೆ ಖಾಲಿ ಗೋಡೆ, ಹಗಲು ಬೆಳಕು ಸಾಕು. ಹೆಸರು, ವಯಸ್ಸು, ಎತ್ತರ, ಊರು ಹೇಳಿ. ಎಡಕ್ಕೆ, ಬಲಕ್ಕೆ ತಿರುಗಿ ಮುಖ ತೋರಿಸಿ. ಆಮೇಲೆ ಒಂದು ನಿಮಿಷದ ಅಭಿನಯ. ಫಿಲ್ಟರ್ ಬೇಡ, ಹಿಂದೆ ಹಾಡೂ ಬೇಡ. ಪಾತ್ರ ಕೊಡಿಸುತ್ತೇವೆ ಎಂದು ಯಾರಾದರೂ ದುಡ್ಡು ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಕರೆ ಬಂತು ಅಂತ ಸುಮ್ನೆ ಬೆಂಗಳೂರಿನಲ್ಲಿ ಮನೆ ಮಾಡಬೇಡಿ. ತಾಳಗುಪ್ಪದಿಂದ ಬರುವ ರಾತ್ರಿ ರೈಲನ್ನು ಸಾಗರದಲ್ಲಿ ಹತ್ತಿದರೆ ಬೆಳಗಾಗುವಷ್ಟರಲ್ಲಿ ಬೆಂಗಳೂರಿನಲ್ಲಿರುತ್ತೀರಿ. ಆಡಿಷನ್ ಮುಗಿಸಿ ವಾಪಸ್ ಬನ್ನಿ. ಓದುತ್ತಿದ್ದರೆ ಡಿಗ್ರಿ ಮುಗಿಸಿ.

ಪಾತ್ರ ಸಿಕ್ಕಾಗ ನಾಚಿಕೊಳ್ಳದೆ ಕೇಳಿ: ದಿನಕ್ಕೆ ಎಷ್ಟು, ತಿಂಗಳಿಗೆ ಎಷ್ಟು ದಿನ ಕೆಲಸ, ಪೇಮೆಂಟ್ ಯಾವಾಗ, ಕಾಸ್ಟ್ಯೂಮ್ ಅವರದ್ದೋ ನಮ್ಮದೋ. ಚಿಕ್ಕ ಪಾತ್ರವಾದರೆ ಬಹಳ ಸಲ ಸೀರೆ ನಮ್ಮದೇ. ದುಡ್ಡು ಕೈಗೆ ಬರಲು ಎರಡು ಮೂರು ತಿಂಗಳು ಹಿಡಿಯಬಹುದು. ಅಲ್ಲಿಯವರೆಗಿನ ಬಾಡಿಗೆ, ಊಟದ ಖರ್ಚು ಕೈಯಲ್ಲಿಟ್ಟುಕೊಂಡೇ ಹೊರಡಿ.