ಮೆಡಿಕಲ್ ಇಮೇಜಿಂಗ್‌ನಲ್ಲಿ ಗೈಡ್ ಹುಡುಕ್ತಿದ್ದೀರಾ? ಅವರ ಸೈಟೇಶನ್ ಹೀಗೆ ಓದಿ

ಪಿಎಚ್‌ಡಿಗೆ ಗೈಡ್ ಹುಡುಕುವವರು ಮೊದಲು ಮಾಡುವ ಕೆಲಸ ಸಂಶೋಧನಾ ಪೇಪರ್ ಹುಡುಕುವ ಗೂಗಲ್ ಸ್ಕಾಲರ್‌ನಲ್ಲಿ ಹೆಸರು ಹಾಕಿ, ಬಲಗಡೆ ಕಾಣುವ ದೊಡ್ಡ ಸಂಖ್ಯೆ ನೋಡಿ ಬೆರಗಾಗುವುದು. ಸೈಟೇಶನ್, ಅಂದರೆ ಬೇರೆ ಪೇಪರ್‌ಗಳು ಇವರ ಪೇಪರ್ ಉಲ್ಲೇಖಿಸಿದ ಲೆಕ್ಕ, ಸಾವಿರಗಟ್ಟಲೆ ಇದ್ರೆ ದೊಡ್ಡವರೇ ಇರಬೇಕು, ಅಲ್ವಾ? ಇರಬಹುದು. ಆದರೆ ಮೆಡಿಕಲ್ ಇಮೇಜಿಂಗ್, ಅಂದರೆ ದೇಹದ ಒಳಗಿನ ಚಿತ್ರ ತೆಗೆದು ಓದುವ ಈ ಕ್ಷೇತ್ರದಲ್ಲಿ ಎಂಜಿನಿಯರ್, ಭೌತಶಾಸ್ತ್ರದವರು, ರೇಡಿಯಾಲಜಿಸ್ಟ್ ಎಲ್ಲರೂ ಇದ್ದಾರೆ. ಒಬ್ಬೊಬ್ಬರು ಪೇಪರ್ ಬರೆಯುವ ರೀತಿ ಒಂದೊಂದು. ಹಾಗಾಗಿ ಒಟ್ಟು ಸಂಖ್ಯೆ ಬಿಡಿ, ಹೆಚ್ಚು ಸೈಟ್ ಆದ ಮೊದಲ ಐದು ಪೇಪರ್ ತೆರೆದು ನೋಡಿ. ನಾನು ಹೇಳುವುದು ಮುಖ್ಯವಾಗಿ ಇಷ್ಟೇ.

ಅದಕ್ಕೂ ಮುಂಚೆ, ಪ್ರೊಫೈಲ್‌ನಲ್ಲಿರುವ ಪೇಪರ್‌ಗಳೆಲ್ಲ ಅವರವೇನಾ ನೋಡಿಕೊಳ್ಳಿ. ನಮ್ಮ ಕಡೆ ಎಸ್. ಕುಮಾರ್, ಆರ್. ರಾವ್ ಅಂತ ಇನಿಶಿಯಲ್ ಹಾಕಿಕೊಂಡವರು ಎಷ್ಟು ಜನ ಇದ್ದಾರೋ ಲೆಕ್ಕವೇ ಇಲ್ಲ. ಗೂಗಲ್ ಸ್ಕಾಲರ್ ಯಂತ್ರ ಪೇಪರ್‌ಗಳನ್ನು ತಾನೇ ಸೇರಿಸುತ್ತಾ ಹೋಗುತ್ತದೆ, ಪ್ರೊಫೈಲ್ ಇರುವವರು ಗಮನಿಸದಿದ್ದರೆ ಇನ್ಯಾರದೋ ಕೃಷಿ ಪೇಪರ್ ಕೂಡ ಅಲ್ಲೇ ಕೂತಿರುತ್ತದೆ. ಆರ್ಕಿಡ್ ಐಡಿ, ಅಂದರೆ ಒಬ್ಬೊಬ್ಬ ಸಂಶೋಧಕರಿಗೂ ಬೇರೆಯಾಗಿ ಕೊಡುವ 16 ಅಂಕಿಯ ಸಂಖ್ಯೆ ಸಿಕ್ಕರೆ ಅದರಲ್ಲಿರುವ ಪಟ್ಟಿಗೆ ಹೋಲಿಸಿ.

ಈಗ ಎಚ್-ಇಂಡೆಕ್ಸ್. 2005ರಲ್ಲಿ ಜಾರ್ಜ್ ಹಿರ್ಶ್ ಎಂಬ ಭೌತವಿಜ್ಞಾನಿ ಕೊಟ್ಟ ಲೆಕ್ಕ ಇದು. ಪೇಪರ್‌ಗಳನ್ನು ಸೈಟೇಶನ್ ಜಾಸ್ತಿಯಿಂದ ಕಡಿಮೆಗೆ ಜೋಡಿಸಿ. ಒಬ್ಬರಿಗೆ 48, 30, 12, 5, 5, 2 ಅಂತ ಇದೆ ಅನ್ನಿ. ಐದನೇ ಪೇಪರ್‌ಗೆ 5 ಇದೆ, ಆರನೆಯದಕ್ಕೆ 2 ಮಾತ್ರ. ಅಂದರೆ ಕನಿಷ್ಠ 5 ಸೈಟೇಶನ್ ಇರುವ ಪೇಪರ್ 5 ಇವೆ, ಅಲ್ಲಿಗೆ ಎಚ್-ಇಂಡೆಕ್ಸ್ 5. ಈಗ ಮೊದಲ ಪೇಪರ್‌ನ 48 ಹೋಗಿ 4,800 ಆಯಿತು ಅಂತ ಇಟ್ಟುಕೊಳ್ಳಿ. ಆಗಲೂ ಎಚ್-ಇಂಡೆಕ್ಸ್ 5ರಲ್ಲೇ ಇರುತ್ತದೆ! ಇನ್ನೊಂದು ವಿಷಯ, ಇದು ಏರುವುದೇ ಹೊರತು ಇಳಿಯುವುದಿಲ್ಲ. ಕೆಲಸ ನಿಲ್ಲಿಸಿ ಹತ್ತು ವರ್ಷ ಆದವರದ್ದೂ ಏರುತ್ತಲೇ ಇರಬಹುದು, ಅದಕ್ಕೇ ಪಕ್ಕದಲ್ಲಿರುವ ಕೊನೆಯ ಐದು ವರ್ಷದ ಕಾಲಂ ನೋಡಬೇಕು. ಐ10 ಅಂದರೆ ಕನಿಷ್ಠ 10 ಸೈಟೇಶನ್ ಇರುವ ಪೇಪರ್ ಎಷ್ಟು ಅಂತ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಒಬ್ಬರದ್ದನ್ನು ಗೂಗಲ್ ಸ್ಕಾಲರ್‌ನಲ್ಲಿ, ಇನ್ನೊಬ್ಬರದ್ದನ್ನು ಚಂದಾ ಕಟ್ಟಿ ನೋಡುವ ಪೇಪರ್ ಪಟ್ಟಿ ಸ್ಕೋಪಸ್‌ನಲ್ಲಿ ನೋಡಿ ಹೋಲಿಸಬೇಡಿ. ಸ್ಕಾಲರ್ ಪ್ರಿಪ್ರಿಂಟ್ (ಜರ್ನಲ್‌ನಲ್ಲಿ ಬರುವ ಮುಂಚಿನ ಪ್ರತಿ), ಥೀಸಿಸ್ ಎಲ್ಲವನ್ನೂ ಎಣಿಸುವುದರಿಂದ ಅಲ್ಲಿ ಸಂಖ್ಯೆ ಸಾಮಾನ್ಯವಾಗಿ ದೊಡ್ಡದಿರುತ್ತದೆ. ಸ್ಕೋಪಸ್‌ನಲ್ಲಿ ಒಂದು ಅನುಕೂಲ ಇದೆ: ತಮ್ಮ ಪೇಪರ್ ತಾವೇ ಸೈಟ್ ಮಾಡಿಕೊಂಡಿದ್ದನ್ನು ಕಳೆದು ನೋಡಬಹುದು. ಕಾಲೇಜಿನ ಲೈಬ್ರರಿಯಲ್ಲಿ ಚಂದಾ ಇದ್ದರೆ ಇದನ್ನು ಖಂಡಿತ ಮಾಡಿ. ಸ್ವಲ್ಪ ಇಳಿದರೆ ಸಹಜ, ಅರ್ಧಕ್ಕರ್ಧ ಇಳಿದರೆ ಯೋಚಿಸಿ.

ಇನ್ನು ಆ ಐದು ಪೇಪರ್. ಅವು ಯಾವ ಜಾತಿಯವು ಅನ್ನುವುದೇ ಮುಖ್ಯ. ಯೂ-ನೆಟ್, ಅಂದರೆ ಚಿತ್ರದಲ್ಲಿ ಬೇಕಾದ ಭಾಗವನ್ನು ಕಂಪ್ಯೂಟರ್ ಬೇರ್ಪಡಿಸುವ ವಿಧಾನ, ಅದರ ಪೇಪರ್ ತಗೊಳ್ಳಿ. ಜರ್ಮನಿಯ ಫ್ರೈಬರ್ಗ್ ವಿಶ್ವವಿದ್ಯಾಲಯದ ಓಲಾಫ್ ರೊನ್ನೆಬರ್ಗರ್, ಫಿಲಿಪ್ ಫಿಶರ್, ಥಾಮಸ್ ಬ್ರಾಕ್ಸ್ ಮೂವರೇ ಬರೆದದ್ದು. 2015ರಲ್ಲಿ ಮ್ಯೂನಿಕ್‌ನ ಮಿಕ್ಕಾಯ್ ಎಂಬ ಮೆಡಿಕಲ್ ಇಮೇಜಿಂಗ್ ಸಮ್ಮೇಳನಕ್ಕೆ ಬಂದ ಎಂಟು ಪುಟದ ಪೇಪರ್. ಅದರ ಒಂದು ಪ್ರಯೋಗದಲ್ಲಿ ತರಬೇತಿಗೆ ಇದ್ದದ್ದು ಬರೀ 30 ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಚಿತ್ರ. ಗೂಗಲ್ ಸ್ಕಾಲರ್‌ನಲ್ಲಿ ಅದರ ಸೈಟೇಶನ್ ಇವತ್ತು ಲಕ್ಷ ದಾಟಿದೆ, ಯಾಕಂದ್ರೆ ಸ್ಕ್ಯಾನ್‌ನಲ್ಲಿ ಗಡ್ಡೆ ಗುರುತಿಸುವವರಷ್ಟೇ ಅಲ್ಲ, ಉಪಗ್ರಹ ಚಿತ್ರದಲ್ಲಿ ರಸ್ತೆ ಹುಡುಕುವವರೂ ಅದನ್ನು ಎತ್ತಿಕೊಂಡರು. ಇದು ವಿಧಾನದ ಪೇಪರ್.

2017ರಲ್ಲಿ ನೆದರ್ಲೆಂಡ್ಸ್‌ನ ನೈಮೇಖನ್ ತಂಡ ಡೀಪ್ ಲರ್ನಿಂಗ್ (ಉದಾಹರಣೆ ನೋಡಿ ಕಂಪ್ಯೂಟರ್ ಕಲಿಯುವ ವಿಧಾನ) ಬಗ್ಗೆ ಬರೆದ ಸಮೀಕ್ಷೆ ಬೇರೆ ಜಾತಿ. 300ಕ್ಕೂ ಹೆಚ್ಚು ಕೆಲಸಗಳನ್ನು ಒಟ್ಟು ಮಾಡಿ ಕೊಟ್ಟಿದ್ದಾರೆ. ಯಾರೇ ಪೀಠಿಕೆ ಬರೆದರೂ ಅದನ್ನೊಂದು ಸಾಲಲ್ಲಿ ಸೈಟ್ ಮಾಡಿ ಮುಂದೆ ಹೋಗುತ್ತಾರೆ. ಉಪಯುಕ್ತ ಕೆಲಸವೇ, ಆದರೆ ಒಬ್ಬರ ಸೈಟೇಶನ್ನೆಲ್ಲ ಬರೀ ಸಮೀಕ್ಷೆಗಳಿಂದ ಬಂದಿದ್ದರೆ ಅವರ ಲ್ಯಾಬ್‌ನಲ್ಲಿ ಹೊಸದೇನು ಹುಟ್ಟಿದೆ ಅಂತ ಕೇಳಲೇಬೇಕು. ಮೂರನೆಯದು ಡೇಟಾ ಮತ್ತು ಸ್ಪರ್ಧೆಯ ಪೇಪರ್, ಬ್ರಾಟ್ಸ್ ಥರ. ಮೆದುಳಿನ ಗಡ್ಡೆಯ ಎಂಆರ್‌ಐ ಕೊಟ್ಟು ಸ್ಪರ್ಧೆ ನಡೆಸಿದ ಆ 2015ರ ಪೇಪರ್‌ನಲ್ಲಿ ಹತ್ತಾರು ಲೇಖಕರಿದ್ದಾರೆ. ಎಲ್ಲರ ಪ್ರೊಫೈಲ್‌ಗೂ ಪೂರ್ತಿ ಸೈಟೇಶನ್ ಸೇರುತ್ತದೆ, ಹಂಚಿಕೊಳ್ಳುವುದಿಲ್ಲ! ಅದಕ್ಕೇ ಹೆಸರು ಎಲ್ಲಿದೆ ನೋಡಿ. ಮೊದಲಿದ್ದರೆ ಕೆಲಸ ಮಾಡಿದವರು, ಕೊನೆಗಿದ್ದರೆ ಸಾಮಾನ್ಯವಾಗಿ ಲ್ಯಾಬ್ ನಡೆಸುವವರು. ಮಧ್ಯದಲ್ಲಿದ್ದರೆ ಏನು ಮಾಡಿದರು ಅಂತ ಪೇಪರ್ ಓದಿಯೇ ತಿಳಿಯಬೇಕು, ಕೆಲವೊಮ್ಮೆ ಓದಿದರೂ ತಿಳಿಯುವುದಿಲ್ಲ.

ಸಂಖ್ಯೆ ಕಡಿಮೆ ಅಂತ ತಳ್ಳಿಹಾಕುವ ಮುಂಚೆ ಅಲನ್ ಕಾರ್ಮಾಕ್ ನೆನಪಿರಲಿ. ಸಿಟಿ ಸ್ಕ್ಯಾನ್ ಹಿಂದಿನ ಗಣಿತವನ್ನು 1963 ಮತ್ತು 1964ರಲ್ಲಿ ಪ್ರಕಟಿಸಿದರು. ಯಾರೂ ತಿರುಗಿ ನೋಡಲಿಲ್ಲ ಅಂತ ಅವರೇ ನೊಬೆಲ್ ಭಾಷಣದಲ್ಲಿ ಹೇಳಿಕೊಂಡಿದ್ದಾರೆ. ಪೇಪರ್‌ನ ಪ್ರತಿ ಬೇಕು ಅಂತ ಕೇಳಿದವರಲ್ಲಿ ಸ್ವಿಟ್ಜರ್ಲೆಂಡಿನ ಹಿಮಕುಸಿತ ಸಂಶೋಧನಾ ಕೇಂದ್ರವೂ ಒಂದು, ಬೆಟ್ಟದ ಮೇಲಿನ ಹಿಮ ಅಳೆಯುವುದಕ್ಕಂತೆ! 1979ರಲ್ಲಿ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಜೊತೆ ನೊಬೆಲ್ ಬಂತು. ಹೌನ್ಸ್‌ಫೀಲ್ಡ್ ಇಎಂಐ ಕಂಪನಿಯ ಎಂಜಿನಿಯರ್. ಅವರ ಕೆಲಸ ಹುಡುಕಬೇಕಾದರೆ ಪೇಪರ್‌ಗಳ ಜೊತೆ ಪೇಟೆಂಟ್ ಕೂಡ ನೋಡಬೇಕು. ಇವತ್ತಿನವರಾದರೆ ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಕೋಡ್ ಇದೆಯಾ, ಬೇರೆಯವರು ಅದನ್ನು ಓಡಿಸುತ್ತಿದ್ದಾರಾ ಅಂತಲೂ ನೋಡಿ.

ಸೈಟ್ ಮಾಡಿದವರು ಏನು ಬರೆದಿದ್ದಾರೆ ಅನ್ನುವುದು ಬೇಕಾದರೆ ಪೇಪರ್ ಹುಡುಕುವ ಇನ್ನೊಂದು ತಾಣವಾದ ಸೆಮ್ಯಾಂಟಿಕ್ ಸ್ಕಾಲರ್‌ಗೆ ಹೋಗಿ. ಅಲ್ಲಿ ಹಿನ್ನೆಲೆಗೆ ಸೈಟ್ ಮಾಡಿದ್ದು, ವಿಧಾನ ಬಳಸಿದ್ದು ಅಂತ ಬೇರೆ ಬೇರೆ ಮಾಡಿ ತೋರಿಸುತ್ತದೆ. ಉಚಿತ. ನಾಲ್ಕೈದು ತೆರೆದು ಓದಿದರೆ ಸಾಕು, "ಇವರ ವಿಧಾನ ನಮ್ಮ ಡೇಟಾದಲ್ಲಿ ಕೆಲಸ ಮಾಡಲಿಲ್ಲ" ಅಂತ ಬರೆದದ್ದೂ ಒಂದು ಸೈಟೇಶನ್ನೇ ಅಂತ ಗೊತ್ತಾಗುತ್ತದೆ.

ಕೊನೆಗೆ ಪಟ್ಟಿಯನ್ನು ವರ್ಷದ ಪ್ರಕಾರ ಜೋಡಿಸಿ, ಇತ್ತೀಚಿನ ಮೂರು ವರ್ಷದ ಪೇಪರ್‌ಗಳಲ್ಲಿ ಮೊದಲ ಹೆಸರು ಯಾರದ್ದು ನೋಡಿ. ವಿದ್ಯಾರ್ಥಿಗಳದ್ದಾದರೆ ಒಳ್ಳೆಯದು. ಅವರಲ್ಲಿ ಒಬ್ಬಿಬ್ಬರಿಗೆ ಮೇಲ್ ಹಾಕಿ, ಡೇಟಾ ಎಲ್ಲಿಂದ ಸಿಗುತ್ತದೆ, ಆಸ್ಪತ್ರೆಯ ಎಥಿಕ್ಸ್ ಕಮಿಟಿ ಅನುಮತಿಗೆ ಎಷ್ಟು ತಿಂಗಳು ಹಿಡಿಯಿತು ಅಂತ ನೇರವಾಗಿ ಕೇಳಿ.