ಟ್ಯಾಂಕಿನ ಡ್ಯಾಮೇಜ್ ಮುಟ್ಟದೇ ಟ್ಯಾಂಕ್ ಸರಿ ಮಾಡಿದ್ದು

ನಮ್ದು ಚಿಕ್ಕ ಟೀಮು, ಮಾಡ್ತಿರೋದು 64 ಜನ ಒಟ್ಟಿಗೆ ಆಡೋ ಶೂಟರ್ ಗೇಮ್, ಅದ್ರಲ್ಲಿ ಗಾಡಿಗಳ ಜವಾಬ್ದಾರಿ ನಂದು. ಮೊದಮೊದಲು ನಾನು ಮಾಡ್ತಿದ್ದ ಕೆಲ್ಸ ಅಂದ್ರೆ ಎರಡೇ ನಂಬರ್ ತಿರುಗ್ಸೋದು, ಟ್ಯಾಂಕಿನ ಹೆಲ್ತ್ (ಎಷ್ಟು ಏಟು ತಡ್ಕೊಳುತ್ತೆ ಅನ್ನೋದು) ಒಂದು, ಅದ್ರ ಗುಂಡಿನ ಡ್ಯಾಮೇಜ್ (ಒಂದೇಟಿಗೆ ಎಷ್ಟು ಹೆಲ್ತ್ ಕಳೆಯುತ್ತೆ ಅನ್ನೋದು) ಇನ್ನೊಂದು. ಒಂದು ಪ್ಲೇಟೆಸ್ಟ್ (ಆಡಿ ನೋಡೋ ಪರೀಕ್ಷೆ) ಮುಗಿದ್ರೆ ಕಾಲಾಳುಗಳೆಲ್ಲ "ಟ್ಯಾಂಕ್ ಓಪಿ, ನರ್ಫ್ ಮಾಡಿ", ಅಂದ್ರೆ ಅದ್ರ ಬಲ ಅತಿಯಾಯ್ತು, ಕಮ್ಮಿ ಮಾಡಿ, ಅಂತ ಕೂಗೋರು, ಇಳಿಸ್ತಿದ್ದೆ. ಮುಂದಿನ ವಾರ ಟ್ಯಾಂಕ್ ಓಡ್ಸೋರು "ಇದೇನ್ ತಗಡಿನ ಡಬ್ಬಾನಾ" ಅನ್ನೋರು, ಏರಿಸ್ತಿದ್ದೆ. ಹೀಗೆ ಎಷ್ಟೋ ವಾರ ಉಯ್ಯಾಲೆ ಆಡಿದ್ದೇ ಆಯ್ತು.

ಆಮೇಲೆ ಒಂದಿನ ಕೂತು ಪೆನ್ನು ಪೇಪರ್ ಹಿಡಿದು ಲೆಕ್ಕ ಹಾಕ್ದೆ. ಆಗ ನಮ್ ಟ್ಯಾಂಕಿನ ಹೆಲ್ತ್ 1000, ಒಂದು ರಾಕೆಟ್ಟಿಗೆ 260, ಅಂದ್ರೆ ನಾಲ್ಕು ಬಿದ್ರೆ ಢಮಾರ್. ರೀಲೋಡ್ 5 ಸೆಕೆಂಡ್. ಒಬ್ನೇ ಹೊಡೆದ್ರೆ ನಾಲ್ಕನೇ ರಾಕೆಟ್ ಬಿಡೋಕೆ 15 ಸೆಕೆಂಡ್ ಬೇಕು, ಅಷ್ಟರಲ್ಲಿ ಅವ್ನು ಸತ್ತು ಬೇರೆ ಕಡೆ ಹುಟ್ಟಿರ್ತಾನೆ. ಇಬ್ರು ಸೇರಿದ್ರೆ 5 ಸೆಕೆಂಡ್. ನಾಲ್ಕು ಜನ ಒಟ್ಟಿಗೆ ಒತ್ತಿದ್ರೆ ಟ್ಯಾಂಕಿನವನಿಗೆ ರಿವರ್ಸ್ ಹಾಕೋಕೂ ಟೈಮಿಲ್ಲ. ಅದಕ್ಕೇ ಹತ್ತು ಜನರ ಟೆಸ್ಟಲ್ಲಿ ಟ್ಯಾಂಕು ದೇವ್ರು, ಸರ್ವರ್ ತುಂಬಿದಾಗ ಅದೇ ಟ್ಯಾಂಕು ಬೇಸ್ ಬಿಟ್ಟು ಹೊರಗೆ ಬರೋ ಹಾಗಿಲ್ಲ. ಈ ಎರಡಕ್ಕೂ ಒಂದೇ ಹೆಲ್ತ್ ನಂಬರ್ ಹುಡುಕ್ತಾ ಕೂತಿದ್ನಲ್ಲ, ಅದು ಇರೋದೇ ಇಲ್ಲ.

ಇದೇನು ಹೊಸ ವಿಷ್ಯ ಅಲ್ಲ ಬಿಡಿ. ಲ್ಯಾಂಚೆಸ್ಟರ್ ಅನ್ನೋ ಇಂಜಿನಿಯರ್ 1916ರಲ್ಲೇ ಹೇಳಿಟ್ಟಿದ್ದ, ಗುರಿ ಇಟ್ಟು ಹೊಡೆಯೋ ಯುದ್ಧದಲ್ಲಿ ಪಡೆಯ ಬಲ ತಲೆ ಎಣಿಕೆಯಷ್ಟಲ್ಲ, ಅದ್ರ ವರ್ಗದಷ್ಟು ಅಂತ. ಮೂರು ಟ್ಯಾಂಕ್ ಜೊತೆಗಿದ್ರೆ ಮೂರು ಪಟ್ಟಲ್ಲ, ಒಂಬತ್ತು ಪಟ್ಟು. ಬ್ಯಾಟಲ್‌ಫೀಲ್ಡ್ 1942 ಅನ್ನೋ ಶೂಟರ್ ಗೇಮ್ ಬಂದಿದ್ದು 2002ರಲ್ಲಿ, ಅದ್ರಲ್ಲಿ ಅವಾಗ್ಲೇ 64 ಜನ ಒಟ್ಟಿಗೆ ಆಡ್ಬಹುದಿತ್ತು, ಅಂದ್ರೆ ಈ ತಲೆನೋವು ನಮಗಿಂತ ಮುಂಚೆ ತುಂಬಾ ಜನಕ್ಕೆ ಬಂದಿರೋದೇ.

ಮೊದ್ಲು ದಿಕ್ಕಿನ ಮೇಲೆ ಡ್ಯಾಮೇಜ್ ಬದಲಾಯಿಸಿದ್ವಿ. ಮುಂದೆ ಹೊಡೆದ್ರೆ 200, ಪಕ್ಕಕ್ಕೆ 260, ಹಿಂದೆ 520. ಎಷ್ಟು ಜನ ಹೊಡೀತಾರೆ ಅನ್ನೋದಕ್ಕಿಂತ ಎಲ್ಲಿಂದ ಹೊಡೀತಾರೆ ಅನ್ನೋದು ಮುಖ್ಯ ಆಗ್ಲಿ ಅಂತ. ಪೇಪರ್ ಮೇಲೆ ಚೆನ್ನಾಗಿತ್ತು, ಆಟದಲ್ಲಿ ಏನೂ ಆಗ್ಲಿಲ್ಲ! ಯಾಕಂದ್ರೆ ನಮ್ ಮ್ಯಾಪಲ್ಲಿ ಟ್ಯಾಂಕಿನ ಹಿಂದೆ ಹೋಗೋಕೆ ದಾರೀನೇ ಇರ್ಲಿಲ್ಲ, ಎರಡೂ ಕಡೆ ಬಯಲು. ಮ್ಯಾಪ್ ಮಾಡೋ ಗೆಳೆಯನ ಹತ್ರ ಕೂತು ರಸ್ತೆ ಪಕ್ಕ ಒಂದು ಒಣಗಿದ ಕಾಲುವೆ ತೋಡಿಸ್ದೆ, ಒಬ್ಬ ಬಗ್ಗಿಕೊಂಡು ಹೋಗೋವಷ್ಟು ಆಳ, ಅಷ್ಟೇ. ಆ ಒಂದು ಕಾಲುವೆ ಮಾಡಿದ ಕೆಲ್ಸ ನನ್ನ ಅಷ್ಟೂ ವಾರದ ನಂಬರ್ ಮಾಡಿರ್ಲಿಲ್ಲ. ಟ್ಯಾಂಕಿನವ್ರು ಜೊತೆಗೆ ನಾಲ್ಕು ಜನ ಕಾಲಾಳು ಇಲ್ದೆ ಮುಂದೆ ಹೋಗೋದನ್ನೇ ನಿಲ್ಲಿಸಿದ್ರು.

ಇನ್ನೊಂದು ಗುಡ್ಡದ ಕಥೆ. 300 ಮೀಟರ್ ದೂರದ ಗುಡ್ಡದ ಮೇಲೆ ಟ್ಯಾಂಕ್ ನಿಲ್ಲಿಸಿ, ನಾವು ವಶ ಮಾಡ್ಕೋಬೇಕಾದ ಕಟ್ಟಡದ ಬಾಗಿಲಿಗೇ ಗುಂಡು ಹಾಕ್ತಾ ಕೂರೋರು, ರಾಕೆಟ್ ಅಲ್ಲಿವರೆಗೆ ಹೋಗೋಷ್ಟರಲ್ಲಿ ನೆಲಕ್ಕೆ ಬಿದ್ದಿರುತ್ತೆ. ಎಲ್ರೂ ಗುಂಡಿನ ಸ್ಪ್ಲಾಶ್ (ಸಿಡಿದಾಗ ಸುತ್ತಲಿರೋರಿಗೆ ತಗಲೋ ಏಟು) ಕಮ್ಮಿ ಮಾಡು ಅಂದ್ರು. ಮಾಡ್ಲಿಲ್ಲ, ಬಾಗಿಲನ್ನ ಆ ಕಡೆಯಿಂದ ಈ ಕಡೆಗೆ ತಿರುಗಿಸಿದ್ವಿ. ಈಗ ಗುಡ್ಡದಿಂದ ರಸ್ತೆ ಕಾಣುತ್ತೆ, ಬಾಗಿಲು ಕಾಣಲ್ಲ.

ರಿಪೇರಿ ವಿಷಯಕ್ಕೆ ಬಂದ್ರೆ, ಕಾಲಾಳುಗಳ ನಿಜವಾದ ಸಿಟ್ಟು ಇದ್ದಿದ್ದು ಇಲ್ಲೇ ಅಂತ ನನಗೆ ಲೇಟಾಗಿ ಹೊಳೀತು. ಪ್ರಾಣ ಒತ್ತೆ ಇಟ್ಟು ಮೂರು ರಾಕೆಟ್ ಹೊಡೀತಾನೆ, ಟ್ಯಾಂಕು ಬಂಡೆ ಹಿಂದೆ ಸರಿದು ಹತ್ತು ಸೆಕೆಂಡಲ್ಲಿ ಹೊಸದಾಗಿ ವಾಪಸ್ ಬರುತ್ತೆ, ಇವನಿಗೆ ಸಿಕ್ಕಿದ್ದು ಸೊನ್ನೆ. ಏಟು ಬಿದ್ದ ಮೇಲೆ 8 ಸೆಕೆಂಡ್ ರಿಪೇರಿ ಶುರು ಆಗ್ದೇ ಇರೋ ಹಾಗೆ ಮಾಡಿದ್ವಿ, ಜೊತೆಗೆ ಟ್ಯಾಂಕನ್ನ ಹಿಂದಕ್ಕೆ ಓಡಿಸಿದ್ರೂ ಪಾಯಿಂಟ್ ಕೊಟ್ವಿ. ಓಪಿ ಅನ್ನೋ ಕೂಗು ಎಷ್ಟು ಇಳೀತು ಅಂದ್ರೆ ನಾವು ಗುಟ್ಟಾಗಿ ಡ್ಯಾಮೇಜ್ ಇಳಿಸಿದೀವಿ ಅಂತ ಕೆಲವ್ರು ನಂಬಿಬಿಟ್ಟಿದ್ರು.

ಸೀಟಿನ ಹಂಚಿಕೇಲಿ ಮಾತ್ರ ಎಡವಿದ್ವಿ. ಸ್ಕ್ವಾಡ್ ಅನ್ನೋ ಗೇಮ್ ತರ ಡ್ರೈವರ್ ಬೇರೆ ಗನ್ನರ್ (ಗನ್ ಹೊಡೆಯೋನು) ಬೇರೆ ಮಾಡಿ ನೋಡಿದ್ವಿ, ಮೈಕ್ ಇಲ್ದೆ ಆಡೋ ಅಪರಿಚಿತರು ಸೇರಿದ್ರೆ ಎತ್ತು ಏರಿಗೆ ಕೋಣ ನೀರಿಗೆ, ಅವ್ನು ತಿರುಗ್ಸೋದೊಂದು ಕಡೆ ಇವ್ನು ಗುರಿ ಇಡೋದೊಂದು ಕಡೆ. ಕೊನೆಗೆ ಬ್ಯಾಟಲ್‌ಫೀಲ್ಡ್ ತರಾನೇ ದೊಡ್ಡ ಗನ್ ಡ್ರೈವರಿಗೇ ವಾಪಸ್ ಕೊಟ್ವಿ, ಆದ್ರೆ ಮೆಷಿನ್ ಗನ್ ಕಿತ್ತು ಎರಡನೇ ಸೀಟಿಗೆ ಹಾಕಿದ್ವಿ. ಒಬ್ನೇ ಓಡ್ಸಿದ್ರೆ ಪಕ್ಕಕ್ಕೆ ಓಡಿ ಬಂದವನ್ನ ಹೊಡೆಯೋಕಾಗಲ್ಲ, ಇಬ್ರಿದ್ರೆ ಭಾರಿ ಗಟ್ಟಿ.

ಡೇಟಾ ನೋಡೋರಿಗೆ ಒಂದು ಮಾತು, ಟ್ಯಾಂಕಿನ ಕಿಲ್ ಡೆತ್ ಲೆಕ್ಕ (ಎಷ್ಟು ಜನನ್ನ ಕೊಂದ, ಎಷ್ಟು ಸಲ ಸತ್ತ) ನೋಡಿ ಗಾಬರಿ ಆಗ್ಬೇಡಿ. ಸರ್ವರಲ್ಲಿ ಚೆನ್ನಾಗಿ ಆಡೋರೇ ಓಡೋಗಿ ಟ್ಯಾಂಕ್ ಹತ್ತಿರ್ತಾರೆ, ಕಾಲಲ್ಲಿ ನಡೆದ್ರೂ ಅವ್ರು ಅಷ್ಟೇ ಜನನ್ನ ಹೊಡೀತಿದ್ರೇನೋ. ಒಬ್ಬನೇ ಆಟಗಾರ ನೆಲದ ಮೇಲಿದ್ದಾಗ ನಿಮಿಷಕ್ಕೆ ಎಷ್ಟು, ಟ್ಯಾಂಕಲ್ಲಿದ್ದಾಗ ಎಷ್ಟು ಅಂತ ಹೋಲ್ಸಿ ನೋಡೋಕೆ ಶುರು ಮಾಡಿದ್ಮೇಲೆ ನನಗೆ ನಿದ್ದೆ ಬರೋಕೆ ಶುರುವಾಯ್ತು.

ಹೆಲಿಕಾಪ್ಟರ್ ಬಗ್ಗೆ ಕೇಳ್ಬೇಡಿ. ಲಾಕ್ ಆಗೋ, ಅಂದ್ರೆ ಗುರಿಯನ್ನ ತಾನೇ ಬೆನ್ನಟ್ಟೋ, ಮಿಸೈಲ್ ಕೊಟ್ರೆ ಯಾರೂ ಹಾರಲ್ಲ, ತೆಗೆದ್ರೆ ಒಬ್ಬ ಪಳಗಿದ ಪೈಲಟ್ ಇಡೀ ಮ್ಯಾಚ್ ನುಂಗ್ತಾನೆ. ಸದ್ಯಕ್ಕೆ ಎತ್ತರಕ್ಕೆ ಹೋದ್ರೆ ಮಾತ್ರ ಲಾಕ್ ಆಗೋ ಹಾಗೆ ಇಟ್ಟಿದೀನಿ, ತಗ್ಗಲ್ಲಿ ಹಾರಿದ್ರೆ ಮಿಸೈಲ್ ಕಾಟ ಇಲ್ಲ, ಆದ್ರೆ ಆ ಕಾಲುವೇಲಿ ಕೂತಿರೋನ ರಾಕೆಟ್ಟಿಗೆ ಸಿಗುತ್ತೆ.